ಆಟ ಬಿಟ್ಟ ಮೇಲೆ ಕೋಚ್ ಆಗಲು

ಪ್ರಶ್ನೆ: ಫುಟ್‌ಬಾಲ್ ಆಡುವುದು ನಿಲ್ಲಿಸಿದ್ದೇನೆ. ಕೋಚ್ ಆಗುವುದು ಹೇಗೆ? ಸದ್ಯ ಕಡಲತೀರದಲ್ಲೇ ಮಕ್ಕಳಿಗೆ ಕಲಿಸಬಹುದೇ?
– ಓದುಗ, ಕಾರವಾರ

ಉತ್ತರ: ಆಡಿದ ಅನುಭವವೊಂದೇ ಸಾಲದು, ಲೈಸೆನ್ಸ್ ಬೇಕು. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಡಿ ಲೈಸೆನ್ಸ್ ಮಾಡಿಕೊಳ್ಳಿ. ಅದರ ಮೇಲೆ ಸಿ, ಬಿ, ಎ, ಕೊನೆಗೆ ಪ್ರೊ. 2017ರಲ್ಲಿ ಮಿಜೋರಂನ ಐಜ್ವಾಲ್ ತಂಡಕ್ಕೆ ರಾಷ್ಟ್ರಮಟ್ಟದ ಐ-ಲೀಗ್ ಟೂರ್ನಿ ಗೆದ್ದುಕೊಟ್ಟ ಕೋಚ್ ಖಾಲಿದ್ ಜಮೀಲ್ ಕೂಡ ಮೊದಲು ಆಟಗಾರರೇ.

ಟಾಗೋರ್ ಕಡಲತೀರದಲ್ಲಿ ಧಾರಾಳವಾಗಿ ಕಲಿಸಿ, ಆದರೆ ಇಳಿತದ ಹೊತ್ತಿಗೆ, ನೀರಂಚಿನ ಗಟ್ಟಿ ಮರಳಿನಲ್ಲಿ. ಮೇಲಿನ ಸಡಿಲ ಮರಳಲ್ಲಿ ಚೆಂಡು ಉರುಳುವುದಿಲ್ಲ. ಮಕ್ಕಳು ನೆಲಕ್ಕಂಟಿದ ಪಾಸ್ ಬಿಟ್ಟು ಎತ್ತಿ ಒದೆಯುತ್ತಾರೆ. ಆ ಚಾಳಿ ಮೈದಾನಕ್ಕೆ ಹೋದ ಮೇಲೂ ಸುಲಭಕ್ಕೆ ಬಿಡದು. ಹತ್ತು-ಹನ್ನೊಂದರ ಮಕ್ಕಳಿಗೆ 4ನೇ ಸೈಜಿನ ಚೆಂಡು ಸಾಕು; 5ನೆಯದು 410ರಿಂದ 450 ಗ್ರಾಂ, ಅವರ ಕಾಲಿಗೆ ಭಾರ. ಆಟ ಮುಗಿದ ಮೇಲೆ ಚೆಂಡನ್ನು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಉಪ್ಪು ಉಳಿದರೆ ಹೊಲಿಗೆ ಬಿಡುತ್ತದೆ.