ಓದುಗರ ಪ್ರಶ್ನೆ: ಉತ್ತರ ಶ್ರೀಲಂಕಾದಲ್ಲಿ ನೆರವು ದುಡಿಮೆಯಾಗಿ ಏಕೆ ಬೆಳೆಯಲಿಲ್ಲ?

ಪ್ರಶ್ನೆ: ಶ್ರೀಲಂಕಾದ ಅಂತರ್ಯುದ್ಧ 2009ರಲ್ಲಿ ಮುಗಿದ ಮೇಲೆ ಉತ್ತರ ಪ್ರಾಂತ್ಯಕ್ಕೆ ಭಾರತವೂ ಸೇರಿದಂತೆ ಹಲವರ ನೆರವು ಬಂತು. ಆದರೂ ಅಲ್ಲಿಯ ಕುಟುಂಬಗಳು, ಅದರಲ್ಲೂ ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳು, ಸಾಲದಲ್ಲಿ ಮುಳುಗಿದ್ದಾರೆಂದು ಓದಿದೆ. ಹೀಗೇಕಾಯಿತು?

ಉತ್ತರ: ಮನೆಗಳಿಂದಲೇ ಆರಂಭಿಸೋಣ, ಏಕೆಂದರೆ ನೆರವಿನ ಸತ್ವವೂ ಮಿತಿಯೂ ಅಲ್ಲಿಯೇ ಕಾಣುತ್ತವೆ. ಭಾರತ 2010ರಲ್ಲಿ ಘೋಷಿಸಿದ 50,000 ಮನೆಗಳ ಯೋಜನೆಯಲ್ಲಿ, ಉತ್ತರ ಮತ್ತು ಪೂರ್ವ ಪ್ರಾಂತ್ಯಗಳ ಬಹುಪಾಲು ಮನೆಗಳನ್ನು ಗುತ್ತಿಗೆದಾರರಿಗೆ ವಹಿಸದೆ, ಕುಟುಂಬದ ಬ್ಯಾಂಕ್ ಖಾತೆಗೇ 5,50,000 ಶ್ರೀಲಂಕಾ ರೂಪಾಯಿಯನ್ನು ಕೆಲಸ ಮುಂದುವರಿದಂತೆಲ್ಲ ಕಂತುಗಳಲ್ಲಿ ಕೊಡಲಾಯಿತು. ವರ್ಷಗಟ್ಟಲೆ ಇತರರ ಅಪ್ಪಣೆಯಂತೆ ಬದುಕಿದವರಿಗೆ ತಮ್ಮ ಮನೆಯನ್ನು ತಾವೇ ನಿಂತು ಕಟ್ಟಿಸಿಕೊಳ್ಳುವ ಅವಕಾಶ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಹಣ ಸಾಲದೆ ಅನೇಕರು ಒಡವೆ ಅಡವಿಟ್ಟರು, ಕೈಸಾಲ ಮಾಡಿದರು. ಮನೆ ಎದ್ದಿತು, ಸಾಲವೂ ತಲೆಯ ಮೇಲೆ ಉಳಿಯಿತು. ಅದನ್ನು ತೀರಿಸಬೇಕಾದ ದುಡಿಮೆ ಮಾತ್ರ ಇನ್ನೂ ಮರಳಿರಲಿಲ್ಲ.

ಮರಳದಿದ್ದುದಕ್ಕೆ ಕಾರಣ ಜನರ ಆಲಸ್ಯವಲ್ಲ. ಜಾಫ್ನಾದವರ ಮತ್ತು ಅದರ ದಕ್ಷಿಣಕ್ಕಿರುವ ವನ್ನಿ ಪ್ರದೇಶದವರ ಬದುಕು ಹೊಲವನ್ನೂ ಕಡಲನ್ನೂ ನಂಬಿದ್ದು. ವವುನಿಯಾ ಜಿಲ್ಲೆಯ ಮೆನಿಕ್ ಫಾರ್ಮ್ ನಿರಾಶ್ರಿತರ ಶಿಬಿರವನ್ನು 2012ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದಾಗ, ಕೊನೆಯವರೆಗೂ ಅಲ್ಲಿದ್ದ ಮುಲ್ಲೈತೀವಿನ ಕೆಲವು ಕುಟುಂಬಗಳ ಊರು ಸೇನೆಯ ವಶದಲ್ಲಿತ್ತು. ಅವರನ್ನು ಬೇರೆ ಜಾಗದಲ್ಲಿ ನೆಲೆಗೊಳಿಸಲಾಯಿತು. ಹಳೆಯ ರಣರೇಖೆಯಾದ ಮುಹಮಾಲೈಯಲ್ಲಿ ನೆಲಬಾಂಬು ತೆಗೆಯುವ ಕೆಲಸ ಯುದ್ಧ ನಿಂತು ಹತ್ತು ವರ್ಷ ಕಳೆದರೂ ಮುಗಿದಿರಲಿಲ್ಲ. ಭಾರತ 500 ಟ್ರ್ಯಾಕ್ಟರ್‌ಗಳನ್ನು ಕೊಟ್ಟಿತು, ಆದರೆ ಉಳಲು ನೆಲವೇ ಕೈಗೆ ಸಿಗದವರಿಗೆ ಅವುಗಳಿಂದ ಏನು ಪ್ರಯೋಜನ? ಇನ್ನು ಕಡಲಿನ ಸಂಗತಿ ನಮಗೆ ಹೆಚ್ಚು ನೋವು ತರಬೇಕು. ಯುದ್ಧಕಾಲದ ನಿರ್ಬಂಧಗಳು ಸಡಿಲಗೊಂಡು ಅಲ್ಲಿಯ ಬೆಸ್ತರು ಸಣ್ಣ ದೋಣಿಗಳಲ್ಲಿ ನೀರಿಗಿಳಿದರೆ, ಭಾರತ ಮತ್ತು ಶ್ರೀಲಂಕಾ ನಡುವಿನ ಪಾಕ್ ಕೊಲ್ಲಿಯಲ್ಲಿ ಎದುರಾದದ್ದು ನಮ್ಮ ಕಡೆಯಿಂದ ಹೋದ ಟ್ರಾಲರ್ ದೋಣಿಗಳು. ಕಡಲ ತಳವನ್ನೇ ಗೋರುವ ಆ ಬಲೆಗಳಿಗೆ ಸಿಕ್ಕಿ ಅವರ ಬಲೆಗಳು ಹರಿದವು. ಒಂದು ಕೈಯಲ್ಲಿ ನೆರವು ಕೊಟ್ಟು ಇನ್ನೊಂದು ಕೈಯಲ್ಲಿ ಅವರ ಮೀನು ಕಸಿದುಕೊಂಡಂತಾಯಿತು ಎಂದರೆ ಅತಿಶಯವಾಗದು.

ಇಂತಹ ಹೊತ್ತಿನಲ್ಲಿ ಉತ್ತರವನ್ನು ದಕ್ಷಿಣಕ್ಕೆ ಜೋಡಿಸುವ ಹೆದ್ದಾರಿ ತೆರೆದುಕೊಂಡಿತು, ಅದರ ಜೊತೆಗೆ ಕಿರುಸಾಲದ ಕಂಪನಿಗಳೂ, ವಸ್ತುಗಳನ್ನು ಕಂತಿನ ಮೇಲೆ ಕೊಡುವ ಲೀಸಿಂಗ್ ಕಂಪನಿಗಳೂ ಹಳ್ಳಿಗೆ ಬಂದವು. ವಾರವಾರವೂ ಕಂತು ಕಟ್ಟಬೇಕಾದ, ಬಡ್ಡಿ ಹೆಚ್ಚಿದ್ದ ಸಾಲವನ್ನು ಆದಾಯವೇ ಇಲ್ಲದ ಹೆಂಗಸರು ಪಡೆದು, ಒಂದನ್ನು ತೀರಿಸಲು ಇನ್ನೊಂದನ್ನು ಮಾಡಿದರು. ಸ್ಥಿತಿ ಎಷ್ಟು ಬಿಗಡಾಯಿಸಿತೆಂದರೆ, 2018ರಲ್ಲಿ ಸರ್ಕಾರವೇ ಬರಪೀಡಿತ ಜಿಲ್ಲೆಗಳ ಮಹಿಳೆಯರ 1,00,000 ರೂಪಾಯಿವರೆಗಿನ ಕಿರುಸಾಲವನ್ನು ಮನ್ನಾ ಮಾಡಬೇಕಾಯಿತು. ಆದಾಯ ಹುಟ್ಟುವ ಮೊದಲೇ ಸಾಲವನ್ನು ಜೀವನೋಪಾಯವೆಂದು ಹಂಚಿದ್ದೇ ಇಲ್ಲಿಯ ದೊಡ್ಡ ತಪ್ಪೆಂದು ನನ್ನ ದೃಢ ಅಭಿಪ್ರಾಯ. ಮೊದಲು ನೆಲವನ್ನೂ ಕಡಲನ್ನೂ ಬಿಟ್ಟುಕೊಡಬೇಕು, ಮೊದಲ ಫಸಲಿಗೆ ಬೇಕಾದ ಹಣವನ್ನು ಸಾಲವಾಗಿ ಅಲ್ಲ, ಅನುದಾನವಾಗಿ ಕೊಡಬೇಕು. ಸಾಲ ಬೇಕಾದಾಗ ಅದನ್ನು ಜಾಫ್ನಾದಲ್ಲಿ ಹಿಂದಿನಿಂದಲೂ ಇರುವ ಮೀನುಗಾರರ, ತಾಳೆ ಕಸುಬಿನವರ ಸಹಕಾರ ಸಂಘಗಳ ಮೂಲಕ ಕೊಡಬಹುದಿತ್ತು.

ಪ್ರಶ್ನೆ: ದೂರದಿಂದ ಬಟ್ಟೆ, ಆಹಾರಧಾನ್ಯ ಕಳುಹಿಸುವುದು ಒಳ್ಳೆಯದೇ?

ಉತ್ತರ: ಅಂಗಡಿಗಳೇ ಇಲ್ಲದ ಮೊದಲ ವಾರಗಳಲ್ಲಿ ಧಾನ್ಯ ಜೀವ ಉಳಿಸುತ್ತದೆ. ಆದರೆ ಸಂತೆ ಮತ್ತೆ ಕೂಡಲು ಆರಂಭವಾದ ಮೇಲೆ ಧಾನ್ಯದ ಬದಲು ಹಣವನ್ನೇ ಕೊಡಿ. ಪುಕ್ಕಟೆ ಅಕ್ಕಿ ಬಂದಿಳಿದ ಊರಿನಲ್ಲಿ ಆ ವರ್ಷ ಭತ್ತ ಬೆಳೆದವನಿಗೆ ಬೆಲೆ ಸಿಗುವುದಿಲ್ಲ.