ಆರು ಜನ, ಒಂದು ದಿನ, ಎಷ್ಟು ಏರಿಯಾ?

ಪ್ರಶ್ನೆ: ನಾವು ಆರು ಮಂದಿ ಗೆಳೆಯರು ಮಹಾನಗರವೊಂದರ ಐದು ಏರಿಯಾಗಳನ್ನು ಒಂದೇ ದಿನ ಸುತ್ತಬೇಕೆಂದಿದ್ದೇವೆ. ಒಟ್ಟು 14 ಕಿ.ಮೀ., ಮೂರು ಗಂಟೆ ನಡಿಗೆ ಎಂದು ಮ್ಯಾಪ್ ತೋರಿಸುತ್ತಿದೆ. ಆಗುತ್ತದೆಯೇ?

ಉತ್ತರ: ಐದು ಬೇಡ, ಮೂರು ಸಾಕು. ಮ್ಯಾಪ್ ಲೆಕ್ಕ ಹಾಕುವುದು ಎಲ್ಲೂ ನಿಲ್ಲದೆ ಗಂಟೆಗೆ ಸುಮಾರು 5 ಕಿ.ಮೀ. ನಡೆಯುವ ಒಬ್ಬರಿಗೆ. ಗುಂಪು ಹಾಗೆ ನಡೆಯುವುದಿಲ್ಲ. ಒಬ್ಬರು ಫೋಟೊಗೆ ನಿಂತರೆ ಐವರೂ ನಿಲ್ಲಬೇಕು. ಸಿಗ್ನಲ್‌ನಲ್ಲಿ ಮೂವರು ದಾಟಿದರೆ ಮೂವರು ಈಚೆ ಉಳಿಯುತ್ತಾರೆ. ಗಂಟೆಗೆ 2ರಿಂದ 2.5 ಕಿ.ಮೀ. ಎಂದು ಹಿಡಿಯಿರಿ. ಆಗ ನಿಮ್ಮ 14 ಕಿ.ಮೀ.ಗೆ ಆರೇಳು ಗಂಟೆ ಬೇಕು, ಅದೂ ಊಟ, ವಿಶ್ರಾಂತಿ ಬಿಟ್ಟು.

ಒಂದೊಂದು ಏರಿಯಾಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಏರಿಯಾದೊಳಗೆ ನಡೆಯಿರಿ, ಒಂದರಿಂದ ಇನ್ನೊಂದಕ್ಕೆ ಮೆಟ್ರೊ ಅಥವಾ ಬಸ್ಸಿನಲ್ಲಿ ಹೋಗಿ. ನಡುವಿನ ಹೆದ್ದಾರಿಯಂಥ ರಸ್ತೆಗಳಲ್ಲಿ ಕಾಲು ಸವೆಸಿದರೆ ಸಿಗುವುದು ಹೊಗೆ ಮಾತ್ರ. ಹಳೇ ಪೇಟೆಗೆ ಬೆಳಿಗ್ಗೆಯೇ ಹೋಗಿ: ಗಲ್ಲಿಗಳು ಕಿರಿದು, ಹೊತ್ತೇರಿ ಜನ ತುಂಬಿದ ಮೇಲೆ ಆರು ಜನ ಒಬ್ಬರ ಹಿಂದೊಬ್ಬರು ಸಾಗುವುದೂ ಕಷ್ಟ. ಬಿಸಿಲು ಏರಿದಾಗ ಸೂರಿನಡಿ ನೋಡುವಂಥದ್ದು, ಸಂಜೆಗೆ ಬಯಲು. ಮ್ಯೂಸಿಯಂ ಇದ್ದರೆ ರಜೆ ಯಾವತ್ತೆಂದು ಮೊದಲೇ ನೋಡಿ. ಸೋಮವಾರ ಮುಚ್ಚಿರುವವೇ ಹೆಚ್ಚು. ಬಾಗಿಲು ಹಾಕುವ ಹೊತ್ತಿಗಿಂತ ಎಷ್ಟೋ ಮುಂಚೆ ಟಿಕೆಟ್ ಕೊಡುವುದನ್ನು ನಿಲ್ಲಿಸುವುದೂ ಉಂಟು.

ಪ್ರಶ್ನೆ: ‘ಮೆಟ್ರೊ ನಿಲ್ದಾಣದಲ್ಲಿ ಸೇರೋಣ’ ಎಂದುಕೊಂಡರೂ ಪ್ರತಿಸಲ ಒಬ್ಬರನ್ನೊಬ್ಬರು ಹುಡುಕುವುದೇ ಆಗುತ್ತದೆ. ಲೊಕೇಶನ್ ಕಳಿಸಿದರೂ ಪ್ರಯೋಜನವಿಲ್ಲ. ಏನು ಮಾಡಬೇಕು?

ಉತ್ತರ: ನಿಲ್ದಾಣ ಎಂದರೆ ಒಂದು ಜಾಗವಲ್ಲ. ಟೋಕಿಯೋದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದಾರಿಗಳಿವೆ! ಅಷ್ಟಿಲ್ಲದ ಕಡೆಯೂ ತಪ್ಪು ಗೇಟಿನಿಂದ ಮೇಲೆ ಬಂದರೆ ಅಗಲ ರಸ್ತೆಯ ಆಚೆ ಬದಿಯಲ್ಲಿರುತ್ತೀರಿ. ಗೇಟಿನ ಸಂಖ್ಯೆ, ಟಿಕೆಟ್ ತೋರಿಸುವ ಜಾಗದ ಒಳಗೋ ಹೊರಗೋ, ಮೆಟ್ಟಿಲ ಮೇಲೋ ಕೆಳಗೋ, ಈ ಮೂರನ್ನೂ ಮೆಸೇಜಿನಲ್ಲಿ ಬರೆಯಿರಿ.

ಲೊಕೇಶನ್ ಕೈಕೊಡುವುದಕ್ಕೆ ಕಾರಣವಿದೆ. ನೆಲದಡಿ ಉಪಗ್ರಹದ ಸಂಕೇತ ತಲುಪುವುದಿಲ್ಲ. ಎತ್ತರದ ಕಟ್ಟಡಗಳ ನಡುವೆ ಅದು ಗೋಡೆ, ಗಾಜಿಗೆ ಬಡಿದು ಸುತ್ತಿಬಳಸಿ ಬರುತ್ತದೆ. ಫೋನು ಆ ಹೆಚ್ಚುವರಿ ದೂರವನ್ನು ನಿಜವೆಂದು ನಂಬಿ ನೀಲಿ ಚುಕ್ಕೆಯನ್ನು ಪಕ್ಕದ ರಸ್ತೆಗೆ ಎಸೆಯುತ್ತದೆ. ನೀವು ಯಾವ ಕಡೆಗೆ ಮುಖ ಮಾಡಿದ್ದೀರೆಂದು ಮ್ಯಾಪಿನಲ್ಲಿ ತೋರಿಸುವ ಬಾಣದ ಗುರುತನ್ನೂ ನಂಬಬೇಡಿ, ಸುತ್ತಲಿನ ಕಬ್ಬಿಣ ಅದರ ದಿಕ್ಕು ತಪ್ಪಿಸುತ್ತದೆ. ಮೇಲೆ ಬಂದು ಮೂವತ್ತು ನಲವತ್ತು ಹೆಜ್ಜೆ ನಡೆಯಿರಿ, ಚುಕ್ಕೆ ಯಾವ ಕಡೆ ಸರಿಯಿತು ನೋಡಿ. ಇನ್ನೂ ಗೊಂದಲವೆನಿಸಿದರೆ ಎದುರಿನ ಅಂಗಡಿಯ ಬೋರ್ಡು ಓದಿ ಮ್ಯಾಪಿನಲ್ಲಿ ಹುಡುಕಿ. ಮ್ಯಾಪನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡಿದ್ದರೆ ನೆಟ್ ಇಲ್ಲದೆಯೂ ನಡೆಯುತ್ತದೆ.

ನಡುದಾರಿಯಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಎಂದು ಮೊದಲೇ ಮಾತಾಡಿಕೊಳ್ಳಿ: ತಪ್ಪಿಸಿಕೊಂಡವರು ಇದ್ದಲ್ಲೇ ನಿಲ್ಲುವುದು, ಉಳಿದವರಲ್ಲಿ ಇಬ್ಬರು ಹಿಂದಿನ ತಿರುವಿಗೆ ಮರಳುವುದು. ಎರಡೂ ಕಡೆಯವರು ಹುಡುಕಲು ಹೊರಟರೆ ಯಾರಿಗೆ ಯಾರೂ ಸಿಗುವುದಿಲ್ಲ.

ಪ್ರಶ್ನೆ: ಈ ಸುತ್ತಾಟಕ್ಕೆಂದೇ ಶೂ ಕೊಳ್ಳುತ್ತಿದ್ದೇನೆ. ಎಂಥದ್ದು ಕೊಳ್ಳಲಿ?

ಉತ್ತರ: ಹೊರಡಲು ಎರಡು ವಾರವಾದರೂ ಇಲ್ಲದಿದ್ದರೆ ಕೊಳ್ಳಲೇಬೇಡಿ, ಹಳೆಯದನ್ನೇ ಹಾಕಿ. ಗುಳ್ಳೆ ಏಳುವುದು ಉಜ್ಜಾಟ ಮತ್ತು ಬೆವರಿನಿಂದ. ಶೂ ಕೊಳ್ಳುವುದಾದರೆ ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿನಲ್ಲಿ ಹಾಕಿ ನೋಡಿ. ಹಿಮ್ಮಡಿ ಚುರುಗುಟ್ಟಿದ ಕೂಡಲೇ ಅಲ್ಲೇ ಕೂತು ಗಾಯಕ್ಕೆ ಹಾಕುವ ಟೇಪ್ ಅಂಟಿಸಿ. ಮುಂದಿನ ಸ್ಟಾಪಿನಲ್ಲಿ ನೋಡೋಣವೆಂದರೆ ಅಷ್ಟರಲ್ಲಿ ಗುಳ್ಳೆ ಎದ್ದಿರುತ್ತದೆ. ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇರಲಿ, ಮಧ್ಯಾಹ್ನ ಬದಲಿಸಿ.