ಮಳೆ ಬಂತು, ಹೊಳೆ ಎಲ್ಲಿ ಹೋಯ್ತು?

ಮೇಷ್ಟ್ರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ‘ಮಳೆ ಕೈಕೊಟ್ಟು ಬತ್ತಿದ ಅರ್ಕಾವತಿ’ ಅಂತ ತಲೆಬರಹ ಕೊಟ್ಟಿದ್ದಕ್ಕೆ ದೊಡ್ಡಬಳ್ಳಾಪುರದಿಂದ ಚೆನ್ನಾಗಿಯೇ ಬೈದು ಬರೆದಿದ್ದೀರಿ. ವರ್ಷವರ್ಷವೂ ಮಳೆ ಬರೆದಿಡುವ ನಿಮ್ಮ ಪುಸ್ತಕದಲ್ಲಿ ಮಳೆ ಅಂಥಾ ಕಮ್ಮಿಯಾಗಿಲ್ಲ, ಹೊಳೆ ಮಾತ್ರ ಎಲ್ಲಿ ಹೋಯ್ತು ಅಂತ ಕೇಳಿದ್ದೀರಿ. ತಲೆಬರಹ ಕೊಟ್ಟವನು ನಾನೇ. ತಪ್ಪಾಯಿತು.

1894ರಲ್ಲಿ ಹೆಸರಘಟ್ಟ ಕೆರೆಯಿಂದ, ಆಮೇಲೆ 1930ರ ದಶಕದಿಂದ ತಿಪ್ಪಗೊಂಡನಹಳ್ಳಿ ಜಲಾಶಯದಿಂದ ಬೆಂಗಳೂರಿಗೆ ಕುಡಿಯಲು ಕೊಟ್ಟ ಹೊಳೆ ಇದು. ಇದು ಯಾಕೆ ಬತ್ತಿತು ಅಂತ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯವರು ಕಾರಣಗಳನ್ನು ಒಂದೊಂದಾಗಿ ತೂಗಿ ನೋಡಿ 2015ರಲ್ಲಿ ಪ್ರಕಟಿಸಿದ್ದೂ ನಿಮ್ಮ ಮಾತನ್ನೇ. ಮಳೆಗಿಂತ ಕೊಳವೆಬಾವಿ ಮತ್ತು ನೀಲಗಿರಿ ತೋಪಿನ ಪಾಲು ಜಾಸ್ತಿ.

ಮೊದಲೆಲ್ಲ ಮಳೆ ನಿಂತು ತಿಂಗಳಾದ ಮೇಲೂ ಹೊಳೆ ಸಣ್ಣಗೆ ಹರಿಯುತ್ತಿತ್ತು, ಅಲ್ವಾ? ಅದು ಅಕ್ಕಪಕ್ಕದ ನೆಲ ನಿಧಾನಕ್ಕೆ ಒಸರುತ್ತಿದ್ದ ನೀರು. ತೆರೆದ ಬಾವಿಗೆ ಇಣುಕಿದರೆ ನೀರು ಕಾಣುತ್ತಿದ್ದ ಕಾಲ ಅದು. ಈಗ ಸಾವಿರ ಅಡಿ ಕೊರೆದರೂ ಬರೀ ಧೂಳು ಏಳುವುದುಂಟು. ಅಂತರ್ಜಲ ಹೊಳೆಯ ತಳಕ್ಕಿಂತ ಕೆಳಗಿಳಿದ ಮೇಲೆ ಒಸರುವ ಮಾತೆಲ್ಲಿ, ಹರಿದು ಬಂದಷ್ಟನ್ನೂ ನೆಲವೇ ಕುಡಿದುಬಿಡುತ್ತದೆ. ರಾಗಿ ನಾಲ್ಕು ತಿಂಗಳು ಕುಡಿದು ಕಣ ಸೇರುತ್ತದೆ, ನೀಲಗಿರಿ ಬೇಸಿಗೆಯಲ್ಲೂ ಆಳಕ್ಕೆ ಬೇರಿಳಿಸಿ ಹೀರುತ್ತಲೇ ಇರುತ್ತದೆ.

ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಲ್ಲಿಸಿತು. ಸಂತೋಷವೇ. ಆದರೆ ತೋಪು ಕಿತ್ತ ಜಾಗಕ್ಕೆ ದ್ರಾಕ್ಷಿ ಚಪ್ಪರ ಬಂದರೆ ಅದಕ್ಕೂ ಬೋರ್ ನೀರೇ ಬೇಕು. ಲೇಔಟ್ ಬಂದರಂತೂ ಕೇಳಲೇಬೇಡಿ.

ಹಾಗಂತ ಮಳೆಯನ್ನು ಪೂರ್ತಿ ಬಿಟ್ಟುಬಿಡುವ ಹಾಗೂ ಇಲ್ಲ. 2022ರಲ್ಲಿ ಹೆಸರಘಟ್ಟ ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿತು, ಅದೇ ವರ್ಷದ ಆಗಸ್ಟ್‌ನಲ್ಲಿ ರಾಮನಗರದ ಹತ್ತಿರ ಮೈಸೂರು ಹೆದ್ದಾರಿಯೇ ಮುಳುಗಿತ್ತು. ಮರುವರ್ಷ ಬರ. ಹೀಗೆ ಒಮ್ಮೆಲೇ ಸುರಿದದ್ದು ನೆಲಕ್ಕಿಳಿಯಲು ಪುರುಸೊತ್ತೇ ಸಿಗುವುದಿಲ್ಲ, ಅದರಲ್ಲೂ ಸಿಮೆಂಟು ಹಾಸಿದ ಕಡೆ. ವರ್ಷದ ಒಟ್ಟು ಲೆಕ್ಕ ನೋಡಿದರೆ ಮಾತ್ರ ಎಲ್ಲ ಸರಿಯಾಗೇ ಕಾಣುತ್ತದೆ! ನಿಮ್ಮ ಪುಸ್ತಕದಲ್ಲಿ ಮಳೆ ಬಿದ್ದ ದಿನಗಳನ್ನೂ ಒಮ್ಮೆ ಎಣಿಸಿ ನೋಡಿ.

ಹಳ್ಳಹಳ್ಳಕ್ಕೂ ಚೆಕ್ ಡ್ಯಾಂ ಕಟ್ಟಲಿ ಅಂದಿದ್ದೀರಲ್ಲ, ಅದೊಂದು ಮಾತು ಮಾತ್ರ ನಾನು ಒಪ್ಪಲಾರೆ. ಏಟ್ರೀಯವರ ಆ ಅಧ್ಯಯನವೇ ಚೆಕ್ ಡ್ಯಾಂಗಳ ಮೇಲೂ ಸ್ವಲ್ಪ ಬೆರಳು ತೋರಿಸಿದೆ. ಮೇಲಿನೂರಲ್ಲಿ ತಡೆದು ಇಂಗಿಸಿದ ನೀರನ್ನು ಮೇಲಿನೂರಿನ ಬೋರೇ ಎತ್ತಿಕೊಳ್ಳುತ್ತದೆ, ಕೆಳಗಿನ ಕೆರೆ ಕೋಡಿ ಬೀಳುವುದು ಕನಸೇ. ನಿಮ್ಮೂರ ಬಾವಿಗೆ ನೀರು ಬೇಕಾ, ಹೊಳೆ ಹರಿಯಬೇಕಾ? ಮೋಟಾರು ಓಡುವುದು ಕಮ್ಮಿಯಾಗದೆ ಎರಡೂ ಒಟ್ಟಿಗೆ ಸಿಗುವುದು ನನಗಂತೂ ಕಾಣುತ್ತಿಲ್ಲ.

ತಿದ್ದುಪಡಿಯನ್ನು ಮುಂದಿನ ಸಂಚಿಕೆಯಲ್ಲಿ ಅದೇ ದಪ್ಪಕ್ಷರದಲ್ಲಿ ಹಾಕುತ್ತೇವೆ. ಅಂದಹಾಗೆ, ಆ ಪುಸ್ತಕದಲ್ಲಿ ಬಾವಿಯ ಮಟ್ಟವನ್ನೂ ಬರೆದಿದ್ದೀರಾ? ಇದ್ದರೆ ಒಂದೆರಡು ಪುಟದ ಫೋಟೋ ತೆಗೆದು ಕಳಿಸಿ.